ಬಿಚ್ಚಲು ಹೊಲಿಗೆ ಉಳಿದಿಲ್ಲ

ನಮ್ಮ ಬೀದಿಯ ದರ್ಜಿಯ ಬಳಿ ಉದ್ದನೆಯ ರಟ್ಟಿನ ಪುಸ್ತಕವೊಂದಿದೆ. ಅದರಲ್ಲಿ ನನ್ನ ಹೆಸರಿಗೆ ಒಂದು ಪುಟ. 2006ರಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳದ ಸೀರೆಗೆ ರವಿಕೆ ಹೊಲಿಸಲು ಹೋದಾಗ ಬರೆದುಕೊಂಡ ಎದೆ ಸುತ್ತಳತೆ 33 ಇಂಚು. ಅದರ ಮೇಲೊಂದು ಗೀಟು, ಪಕ್ಕದಲ್ಲಿ 35. ಮತ್ತೊಂದು ಗೀಟು, 36. ಮಗ ಹುಟ್ಟಿದ ವರ್ಷ 38. ಹೀಗೆ ಸಾಗಿ 41ಕ್ಕೆ ಬಂದು ನಿಂತಿತ್ತು. ನನ್ನ ಆರೋಗ್ಯದ ಬಗ್ಗೆ ಹದಿನೆಂಟು ವರ್ಷ ಸುಳ್ಳಿಲ್ಲದೆ ದಾಖಲೆ ಇಟ್ಟವರು ಅವರೊಬ್ಬರೇ.

ರವಿಕೆ ಹೊಲಿಯುವಾಗ ಬಗಲಿನ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕುತ್ತಾರಲ್ಲ, ಅದು ನಮ್ಮಂಥವರಿಗಾಗಿಯೇ. ಬೇಸಿಗೆ ರಜೆ, ಮದುವೆ ಊಟ, ಮಾವಿನಹಣ್ಣಿನ ಸೀಕರಣೆ ಎಲ್ಲ ಮುಗಿದು ಮೇ ಕೊನೆಯ ವಾರ ಶಾಲೆ ತೆರೆಯುವ ಹೊತ್ತಿಗೆ ಅವರ ಅಂಗಡಿಯ ಮುಂದೆ ಕೈಚೀಲ ಹಿಡಿದ ಟೀಚರುಗಳು ನಿಂತಿರುತ್ತಾರೆ. ಎಲ್ಲರದೂ ಒಂದೇ ಮಾತು: "ಒಂದು ಹೊಲಿಗೆ ಬಿಚ್ಚಿ ಕೊಡಿ." 2024ರ ಮೇ ತಿಂಗಳಲ್ಲಿ ನಾನೂ ಹೋದೆ. ಅವರು ರವಿಕೆಯನ್ನು ಒಳಮಗ್ಗುಲು ಮಾಡಿ ನೋಡಿ, ಮತ್ತೆ ಮಡಚಿ ನನ್ನ ಕೈಗಿಟ್ಟರು. "ಟೀಚರಮ್ಮ, ಬಿಚ್ಚಲು ಇನ್ನು ಹೊಲಿಗೆ ಉಳಿದಿಲ್ಲ. ಬೇಕಾದರೆ ಬಗಲಿಗೆ ಬೇರೆ ಬಟ್ಟೆಯ ತುಂಡು ಕೊಡುತ್ತೇನೆ. ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಕಾಣುತ್ತದೆ."

ಬಣ್ಣ ಹೆಚ್ಚುಕಡಿಮೆ ಕಂಡರೂ ಪರವಾಗಿಲ್ಲ, ಕೈ ಎತ್ತಿ ಬೋರ್ಡಿನ ಮೇಲೆ ಬರೆಯುವಾಗ ಹಿಂದಿನ ಬೆಂಚಿನವರಿಗೆ ಕಾಣುತ್ತದಲ್ಲ ಎಂಬ ಚಿಂತೆ ಹತ್ತಿತು.

ನಾನು ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಜಗಳೂರು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ದಿನಾ ಹೋಗಿಬರುವವಳು. ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ, ಗಣಿತ. ದಿನವಿಡೀ ನಿಂತು ಪಾಠ ಮಾಡುವವರಿಗೆ ಬೊಜ್ಜು ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಗಳು ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ವ್ಯವಸ್ಥೆ ಹಾಕಿಕೊಟ್ಟಳು. ಪೂರ್ತಿ ಶಾಲೆಯ ದಿನ ಕಳೆದು ಮನೆಗೆ ಬಂದು ನೋಡಿದರೆ 2,900 ಹೆಜ್ಜೆ. ನಿಲ್ಲುವುದೇ ಬೇರೆ, ನಡೆಯುವುದೇ ಬೇರೆ. ಅಷ್ಟಕ್ಕೂ ನಿಲ್ಲುವುದೂ ಈಗ ಕಡಿಮೆಯಾಗಿದೆ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಜಾಲತಾಣದಲ್ಲಿ ಹಾಜರಾತಿ, ಬಿಸಿಯೂಟದ ಸಂಖ್ಯೆ, ವಿದ್ಯಾರ್ಥಿವೇತನ, ಆಧಾರ್ ಜೋಡಣೆ, ಶಾಲೆಯ ಅಂಕಿಅಂಶ ಕೇಳುವ ಯುಡೈಸ್ ಮಾಹಿತಿ, ಮತದಾರರ ಪಟ್ಟಿಯ ಕೆಲಸ. ಎಲ್ಲವೂ ಕುರ್ಚಿಯಲ್ಲಿ ಕುಳಿತು ಬೆರಳಿನಲ್ಲಿ ಆಗುವಂಥವು. ಬಸ್ಸಿನಲ್ಲಿ ಹೋಗುವಾಗ ಒಂದೂಕಾಲು ಗಂಟೆ, ಬರುವಾಗ ಒಂದೂಕಾಲು ಗಂಟೆ. ಅಲ್ಲೂ ಸೀಟು ಸಿಕ್ಕರೆ ಪುಣ್ಯ ಎಂದೇ ಕೂರುತ್ತೇವೆ.

ಕಣ್ಣು ತೆರೆಸಿದ್ದು ದರ್ಜಿಯಲ್ಲ, ಆರನೆಯ ತರಗತಿಯ ಒಂದು ಹುಡುಗಿ.

ಆಹಾರದ ಘಟಕಗಳ ಪಾಠ. ಮೇಜಿನ ಮೇಲೆ ಅಯೋಡಿನ್ ದ್ರಾವಣ, ಹನಿ ಹಾಕುವ ನಳಿಕೆ, ಹಳೆಯ ಪತ್ರಿಕೆಯ ಮೇಲೆ ಆಲೂಗಡ್ಡೆ ಬಿಲ್ಲೆ, ಅಕ್ಕಿಹಿಟ್ಟು, ಸಕ್ಕರೆ, ಸೌತೆಕಾಯಿ. ಹನಿ ಬಿದ್ದ ಜಾಗ ನೀಲಿಗಪ್ಪಾದರೆ ಅಲ್ಲಿ ಪಿಷ್ಟವಿದೆ ಎಂದರ್ಥ. ಆಲೂಗಡ್ಡೆ ಕಪ್ಪಾಯಿತು, ಹಿಟ್ಟು ಕಪ್ಪಾಯಿತು. ಯಾರೋ ಜೇಬಿನಿಂದ ನಾಲ್ಕು ಮೆಕ್ಕೆಜೋಳದ ಕಾಳು ತೆಗೆದುಕೊಟ್ಟರು. ಕುಟ್ಟಿ ಹಾಕಿದೆವು, ಅದೂ ಕಪ್ಪಾಯಿತು. ಆಗ ಮೊದಲ ಬೆಂಚಿನ ಆ ಹುಡುಗಿ ಎದ್ದು ನಿಂತು, "ಮಿಸ್, ನಿಮ್ಮ ಡಬ್ಬಿಯ ಊಟಕ್ಕೂ ಹಾಕಿ ನೋಡೋಣ" ಎಂದಳು. ಕುಚೋದ್ಯವೇನಲ್ಲ, ಪರೀಕ್ಷೆಗೆ ಇನ್ನೊಂದು ವಸ್ತು ಸಿಕ್ಕಿದ ಹುರುಪು ಅಷ್ಟೇ.

ನನ್ನದು ಮೂರು ಅಂತಸ್ತಿನ ಡಬ್ಬಿ. ಮೊದಲನೆಯದರಲ್ಲಿ ಚಿತ್ರಾನ್ನ. ಒಂದು ಚಮಚ ಪತ್ರಿಕೆಯ ಮೇಲಿಟ್ಟು ಹನಿ ಹಾಕಿದೆ. ಅರಿಶಿನದ ಹಳದಿಯ ಮೇಲೆ ಕಪ್ಪು ಮಸಿ ಚೆಲ್ಲಿದ ಹಾಗಾಯಿತು. ಎರಡನೆಯದರಲ್ಲಿ ಆಲೂಗಡ್ಡೆ ಪಲ್ಯ. ಕಪ್ಪು. ಮೂರನೆಯದರಲ್ಲಿ ಸಂಜೆ ಬಸ್ಸಿನಲ್ಲಿ ತಿನ್ನಲೆಂದು ಒಗ್ಗರಣೆ ಮಂಡಕ್ಕಿ. ಅದಂತೂ ಹನಿಯನ್ನು ಚುರ್ರೆಂದು ಹೀರಿಕೊಂಡು ಕಲ್ಲಿದ್ದಲಿನ ಚೂರಿನಂತಾಯಿತು. ಬದಿಯಲ್ಲಿದ್ದ ಪುಟ್ಟ ಡಬ್ಬಿಯ ಮೊಸರು ಮಾತ್ರ ಅಯೋಡಿನ್ನಿನ ಕಂದುಬಣ್ಣವನ್ನೇ ಉಳಿಸಿಕೊಂಡಿತು. "ಮಿಸ್, ನಿಮ್ಮದು ಎಲ್ಲವೂ ಪಿಷ್ಟವೇ!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಯೋಗ ಯಶಸ್ವಿ. ಅದೇ ಪಾಠದಲ್ಲಿ ಮುಂದೆ ಕೊಬ್ಬು ಹೆಚ್ಚು ತಿಂದರೆ ಸ್ಥೂಲಕಾಯ ಬರುತ್ತದೆ ಎಂಬ ಸಾಲಿದೆ. ಅದನ್ನು ಓದುವಾಗ ಯಾವ ಮಗುವೂ ನನ್ನ ಕಡೆ ನೋಡಲಿಲ್ಲ. ನಾನೇ ಪುಸ್ತಕದಿಂದ ತಲೆ ಎತ್ತಲಿಲ್ಲ.

ಅಷ್ಟು ಅರ್ಥವಾದ ಮೇಲೆ ಸೀದಾ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಿದ್ದು ಪುಡಿಯ ಕಡೆಗೆ.

ಪಕ್ಕದ ಶಾಲೆಯ ಶಿಕ್ಷಕಿಯೊಬ್ಬರು ಮೂರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದಿದ್ದರು. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೆ ಅವರು ಬಂದರೆ ಸಭೆಯ ವಿಷಯವೇ ಬದಲಾಗುತ್ತಿತ್ತು. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ಪುಡಿ ಕದಡಿ ಕುಡಿಯುವುದು, ಮಧ್ಯಾಹ್ನ ಮಾತ್ರ ಊಟ. ತಿಂಗಳಿಗೆ ಆರು ಸಾವಿರ ಚಿಲ್ಲರೆ ರೂಪಾಯಿ. ಸರ್ಕಾರಿ ನೌಕರರು ವ್ಯಾಪಾರ ಮಾಡುವಂತಿಲ್ಲವಾದ್ದರಿಂದ ಏಜೆನ್ಸಿ ಅವರ ಯಜಮಾನರ ಹೆಸರಿನಲ್ಲಿತ್ತು. ನಾನು ಸೇರಿ ಇನ್ನಿಬ್ಬರನ್ನು ಸೇರಿಸಿದರೆ ನನಗೂ ರಿಯಾಯಿತಿ. ಬಡ್ತಿ ಪಟ್ಟಿಗಿಂತ ಚೊಕ್ಕವಾದ ಏಣಿಶ್ರೇಣಿ.

ಇಳಿಯಲಿಲ್ಲವೆಂದು ಹೇಳುವುದಿಲ್ಲ. ಆಗಸ್ಟ್ ಮೊದಲ ವಾರ 74.8 ಇದ್ದದ್ದು ಆರು ವಾರದಲ್ಲಿ 70.9ಕ್ಕೆ ಬಂತು. ಎರಡು ಹೊತ್ತಿನ ಊಟ ಬಿಟ್ಟರೆ ಯಾರಿಗಾದರೂ ಇಳಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಗುಂಪಿನಲ್ಲಿ ನನ್ನ ಫೋಟೊ ಹಾಕಿಸಿಕೊಂಡರು. ಬಾಚಣಿಗೆಯಲ್ಲಿ ಕೂದಲಿನ ಉಂಡೆ ಬರತೊಡಗಿತು. ಒಂದು ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ನಾಡಗೀತೆ ಮುಗಿಯುವ ಮೊದಲೇ ಕಣ್ಣು ಕತ್ತಲಾಗಿ ಧ್ವಜದ ಕಟ್ಟೆ ಹಿಡಿದು ಕುಳಿತೆ. ಅಡುಗೆಯ ಅಕ್ಕ ಓಡಿ ಬಂದು ಬೆಲ್ಲದ ನೀರು ಕುಡಿಸಿದರು. ಅಂದಿಗೆ ಪುಡಿಯ ಡಬ್ಬ ಅಟ್ಟಕ್ಕೆ ಹೋಯಿತು. ದಸರಾ, ದೀಪಾವಳಿ, ಸಂಕ್ರಾಂತಿ ಕಳೆದು 2025ರ ಫೆಬ್ರುವರಿಯಲ್ಲಿ ತೂಕ ನೋಡಿದರೆ 75.6. ಇಳಿದದ್ದು ಬಡ್ಡಿ ಸಮೇತ ವಾಪಸು ಬಂದಿತ್ತು.

ಫೆಬ್ರುವರಿಯಲ್ಲಿ ತೂಕ ನೋಡಿದ್ದು ನನ್ನ ಇಚ್ಛೆಯಿಂದಲ್ಲ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಮೊಣಕಾಲು ತೋರಿಸಲು ಸರ್ಕಾರಿ ಆಸ್ಪತ್ರೆಗೆ ಹೋದವಳನ್ನು ವೈದ್ಯೆ ಮೊಣಕಾಲು ಮುಟ್ಟುವ ಮೊದಲೇ ತಕ್ಕಡಿಯ ಮೇಲೆ ನಿಲ್ಲಿಸಿ, ಅಸಾಂಕ್ರಾಮಿಕ ರೋಗಗಳ ವಿಭಾಗಕ್ಕೆ ಚೀಟಿ ಬರೆದರು. ಎತ್ತರ 153 ಸೆಂಟಿಮೀಟರ್. ಗಣಿತದ ಟೀಚರಾದ್ದರಿಂದ ಲೆಕ್ಕ ನಾನೇ ಹಾಕಿದೆ: 75.6ನ್ನು 1.53ರ ವರ್ಗದಿಂದ ಭಾಗಿಸಿದರೆ 32.3. ಇದೇ ಬಿಎಂಐ, ಎತ್ತರಕ್ಕೆ ತೂಕ ಹೆಚ್ಚೋ ಕಡಿಮೆಯೋ ಎಂದು ಹೇಳುವ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಭಾರತೀಯರಿಗೆ ಗೆರೆ ಇನ್ನೂ ಕೆಳಗಿದೆ: 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು. ನಮ್ಮ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಮನೆ ಮಾಡುವುದರಿಂದ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಹಿಡಿಯುತ್ತದಂತೆ. ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಬಾರದು. ನನ್ನದು 98. ಸೀರೆ ಉಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪ್ಯಾಂಟು ತೊಡುವವರಿಗೆ ಗುಂಡಿಯಾದರೂ ಜಗಳವಾಡುತ್ತದೆ. ಸೀರೆ ಮಹಾ ಉದಾರಿ, ನಾಲ್ಕು ನೆರಿಗೆಯ ಬದಲು ಮೂರು ಹಾಕಿದರೆ ಮುಗಿಯಿತು.

ರಕ್ತಪರೀಕ್ಷೆಯ ಫಲಿತಾಂಶ ಮೂರು ದಿನಕ್ಕೆ ಬಂತು. ಥೈರಾಯ್ಡ್ ಸರಿಯಾಗಿತ್ತು. ನಿಜ ಹೇಳಬೇಕೆಂದರೆ ಥೈರಾಯ್ಡ್ ಕೆಟ್ಟಿರಲಿ ಎಂದು ಒಳಗೊಳಗೇ ಬಯಸಿದ್ದೆ, ದೂರುವುದಕ್ಕೆ ಒಂದು ಗ್ರಂಥಿ ಸಿಗುತ್ತಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5ಕ್ಕೆ ಮನೆಯ ಒಳಗೆ. ಯಕೃತ್ತಿನಲ್ಲಿ ಮೊದಲ ಹಂತದ ಕೊಬ್ಬು. ಎಣ್ಣೆ ತಿಂದರೆ ತಾನೇ ಕೊಬ್ಬು ಎಂದು ಕೇಳಿದೆ. "ಅನ್ನ, ಸಕ್ಕರೆ ಹೆಚ್ಚಾದರೂ ಯಕೃತ್ತು ಅದನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ" ಎಂದರು ವೈದ್ಯೆ. ಪತ್ರಿಕೆಯ ಮೇಲೆ ಕಪ್ಪಾಗಿದ್ದ ಮಂಡಕ್ಕಿ ಕಣ್ಣ ಮುಂದೆ ಬಂತು.

"ಎಷ್ಟು ಇಳಿಸಬೇಕು ಮೇಡಂ?" ಎಂದು ಕೇಳಿದೆ. 25ಕ್ಕೆ ಬರಬೇಕಾದರೆ 58.5 ಕಿಲೋ ಆಗಬೇಕು, ಅಂದರೆ ಹದಿನೇಳು ಕಿಲೋ. ಅವರು ಆ ಲೆಕ್ಕವನ್ನೇ ಪಕ್ಕಕ್ಕೆ ಸರಿಸಿದರು. "ಈಗಿರುವುದರಲ್ಲಿ ನೂರಕ್ಕೆ ಏಳರಷ್ಟು ಇಳಿಸಿ, ಸಾಕು. ಐದೂಕಾಲು ಕಿಲೋ. ಒಂದು ವರ್ಷ ತೆಗೆದುಕೊಳ್ಳಿ. ಅಷ್ಟಕ್ಕೇ ಸಕ್ಕರೆ ಕಾಯಿಲೆಯ ಅಪಾಯ ಬಹಳ ತಗ್ಗುತ್ತದೆ. ಮಾತ್ರೆ ಈಗ ಬೇಡ." ಹನ್ನೊಂದು ಕಿಲೋದ ಕಥೆ ಕೇಳಿ ಬಂದವಳಿಗೆ ಐದೂಕಾಲು ಎಂದರೆ ಸಪ್ಪೆ ಎನಿಸಿತು.

ಅವರು ನನ್ನನ್ನು ಆಪ್ತ ಸಮಾಲೋಚಕಿಯ ಬಳಿ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ಓರಗೆ. ನಾಲ್ಕು ದಿನ ತಿಂದದ್ದು, ಕುಡಿದದ್ದು ಎಲ್ಲ ಬರೆದು ತರಲು ಹೇಳಿದಳು. ಪಾಠಟಿಪ್ಪಣಿ ಬರೆದು ಪಳಗಿದ ಕೈ, ಅಂದವಾಗಿ ಕೋಷ್ಟಕ ಹಾಕಿ ಬರೆದುಕೊಂಡು ಹೋದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಬಟ್ಟಲು ಅನ್ನ, ರಾತ್ರಿ ಒಂದು ರೊಟ್ಟಿ. ಆಕೆ ಓದಿ ನಕ್ಕಳು. "ಮೇಡಂ, ಇದು ತಪಾಸಣೆಗೆ ಬಂದ ಅಧಿಕಾರಿಗಳಿಗೆ ತೋರಿಸುವ ದಿನಚರಿ. ನನಗೆ ನಿಜವಾದದ್ದು ಬೇಕು."

ನಿಜವಾದದ್ದನ್ನು ಬರೆದಾಗ ನನಗೇ ಗಾಬರಿ. ಬೆಳಿಗ್ಗೆ ಕೂತು ತಿಂದದ್ದೇ ಇಲ್ಲ. ಡಬ್ಬಿ ಕಟ್ಟುವಾಗ ಬಾಣಲೆಯಿಂದ ನಾಲ್ಕು ತುತ್ತು, ಮಗ ಬಿಟ್ಟೆದ್ದ ಅರ್ಧ ದೋಸೆ. ಹತ್ತೂಮುಕ್ಕಾಲಿಗೆ ಟೀ, ಬಿಸ್ಕತ್ತು. ಹನ್ನೆರಡೂವರೆಗೆ ಬಿಸಿಯೂಟದ ರುಚಿ ನೋಡುವುದು. ಒಂದೂವರೆಗೆ ನನ್ನ ಡಬ್ಬಿ. ಮೂರಕ್ಕೆ ಟೀ. ಐದಕ್ಕೆ ಬಸ್ಸಿನಲ್ಲಿ ಮಂಡಕ್ಕಿ. ಆರೂವರೆಗೆ ಮನೆ ಸೇರಿ ಟೀ, ಕೆಲವು ದಿನ ಬೀದಿಯ ತುದಿಯ ಗಾಡಿಯ ಮೆಣಸಿನಕಾಯಿ ಬಜ್ಜಿ. ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ, ಮೆಣಸಿನಕಾಯಿ ತಿನ್ನದವರನ್ನು ಕಾಯಿಲೆಯವರೆಂದೇ ತಿಳಿಯುತ್ತಾರೆ. ರಾತ್ರಿ ಹತ್ತಕ್ಕೆ ಎಲ್ಲರ ಊಟವಾದ ಮೇಲೆ ನನ್ನ ಊಟ. ಅದರ ಮೇಲೆ, ಮಿಕ್ಕಿದ ಒಂದು ಸೌಟು ಅನ್ನವನ್ನು ಫ್ರಿಜ್ಜಿಗಿಡಲು ಬೇಜಾರು, ಚೆಲ್ಲಲು ಮನಸ್ಸು ಬಾರದು. ಹಿಂದೆ ಹಟ್ಟಿಯಲ್ಲಿ ಎಮ್ಮೆ ಇದ್ದಾಗ ಮಿಕ್ಕಿದ್ದೆಲ್ಲ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ಎಮ್ಮೆ ಹೋಯಿತು, ಬಾನಿ ಹೋಯಿತು, ಆ ಕೆಲಸಕ್ಕೆ ನನ್ನ ಹೊಟ್ಟೆ ಸಿಕ್ಕಿತು.

ನಡುನಡುವೆ ಕುಡಿದದ್ದೂ ಸೇರಿ ಟೀ ಐದು ಲೋಟ. ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಐದು ಗ್ರಾಂ, ದಿನಕ್ಕೆ 50 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆಯನ್ನು ನಾನೊಬ್ಬಳೇ ಕುಡಿಯುತ್ತಿದ್ದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ಇಷ್ಟು ಟೀ ಏಕೆ ಮೇಡಂ? ನೀರು ಎಷ್ಟು ಕುಡಿಯುತ್ತೀರಿ?" ಎಂದಳು. ಆಗ ಹೇಳಬೇಕಾಯಿತು. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೂ ಶಿಕ್ಷಕಿಯರಿಗೂ ಸೇರಿ ಇರುವುದು ಒಂದೇ ಶೌಚಾಲಯ. ನೀರು ಬಂದ ದಿನ ಬಾಗಿಲ ಚಿಲಕ ಇರುವುದಿಲ್ಲ, ಚಿಲಕ ಹಾಕಿಸಿದ ದಿನ ನೀರು ಬರುವುದಿಲ್ಲ. ಮನೆ ಬಿಟ್ಟ ಮೇಲೆ ಮನೆ ಸೇರುವವರೆಗೆ ನಾವು ನೀರು ಕುಡಿಯುವುದೇ ಇಲ್ಲ. ಬಾಯಿ ಒಣಗಿದಾಗ ಅರ್ಧ ಲೋಟ ಟೀ. ಇದು ನನ್ನೊಬ್ಬಳ ಕಥೆಯಲ್ಲ, ಹಳ್ಳಿ ಶಾಲೆಯ ಯಾವ ಶಿಕ್ಷಕಿಯನ್ನಾದರೂ ಕೇಳಿ. ತೂಕ ಇಳಿಸಲು ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದು ಮೊಬೈಲಿನಲ್ಲಿ ಸಲಹೆ ಕೊಡುವವರು ಒಂದು ದಿನ ನಮ್ಮ ಶಾಲೆಗೆ ಬಂದು ಕುಡಿದು ತೋರಿಸಲಿ.

ಈ ಒಂದು ವಿಷಯದಲ್ಲಿ ಆಹಾರಕ್ಕಿಂತ ಮೊದಲು ಕೈಹಾಕಿದೆ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಅಧ್ಯಕ್ಷರ ಬೆನ್ನು ಬಿದ್ದು, ನಾವು ನಾಲ್ವರು ಶಿಕ್ಷಕಿಯರು ಕೈಯಿಂದ ಹಣ ಹಾಕಿ ಹಳೆಯ ದಾಸ್ತಾನು ಕೋಣೆಯ ಪಕ್ಕದ ಮುಚ್ಚಿದ ಶೌಚಾಲಯಕ್ಕೆ ಪೈಪು, ಬಾಗಿಲು, ಚಿಲಕ ಹಾಕಿಸಿದೆವು. ನಾಲ್ಕು ಸಾವಿರದ ಮುನ್ನೂರು ರೂಪಾಯಿ. ಪುಡಿಯ ಒಂದು ತಿಂಗಳ ಖರ್ಚಿಗಿಂತ ಕಡಿಮೆ. ಟೀ ಐದರಿಂದ ಎರಡಕ್ಕೆ ಇಳಿಯಿತು. ನಾನು ಮಾಡಿದ್ದರಲ್ಲಿ ಅತ್ಯಂತ ಫಲ ಕೊಟ್ಟದ್ದು ಇದೇ ಎಂದು ಈಗಲೂ ನಂಬಿದ್ದೇನೆ.

ರುಚಿ ನೋಡುವ ವಿಷಯ ಕಷ್ಟದ್ದಾಯಿತು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ತಿಂದು ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ಒಳ್ಳೆಯ ನಿಯಮ, ಮಕ್ಕಳ ಜೀವದ ಪ್ರಶ್ನೆ. ಆದರೆ ರುಚಿ ಎಂದರೆ ಒಂದು ಚಮಚ ತಾನೇ? ನಮ್ಮ ಅಡುಗೆಯ ಅಕ್ಕನಿಗೆ ಚಮಚ ಗೊತ್ತಿಲ್ಲ, ಸೌಟು ಗೊತ್ತು. ತಟ್ಟೆ ತುಂಬ ಅನ್ನ, ಮೇಲೆ ಸಾಂಬಾರು ಹಾಕಿ ತಾವೇ ತಂದಿಡುತ್ತಿದ್ದರು. ಅದು ಮುಗಿದ ಒಂದು ಗಂಟೆಗೆ ನನ್ನ ಡಬ್ಬಿ. ಎಷ್ಟೋ ವರ್ಷ ಎರಡು ಮಧ್ಯಾಹ್ನದೂಟ ಮಾಡಿದ್ದೇನೆ, ಒಂದಕ್ಕೆ ಸಹಿ ಇದೆ, ಇನ್ನೊಂದಕ್ಕಿಲ್ಲ. ಮೊದಲ ದಿನ ಒಂದು ಚಮಚ ತಿಂದು ತಟ್ಟೆ ಸರಿಸಿದಾಗ ಅಕ್ಕನ ಮುಖ ಬಾಡಿತು. "ಉಪ್ಪು ಹೆಚ್ಚಾಯಿತೇ ಮೇಡಂ?" ಎಂದರು. ಎರಡನೆಯ ದಿನವೂ ಅದೇ ಪ್ರಶ್ನೆ. ಮೂರನೆಯ ದಿನ ಒಲೆಯ ಪಕ್ಕ ಕೂತು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೇನೆ ಎಂದು ಬಿಡಿಸಿ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, "ನನಗೂ ಇದೆ ಮೇಡಂ, ಎರಡು ವರ್ಷವಾಯಿತು. ಯಾರಿಗೂ ಹೇಳಿಲ್ಲ" ಎಂದರು. ಅಂದಿನಿಂದ ನಮ್ಮಿಬ್ಬರದೂ ಒಂದೊಂದೇ ಚಮಚ.

ಡಬ್ಬಿ ಬದಲಾದದ್ದು ಅಯೋಡಿನ್ ಲೆಕ್ಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ತಟ್ಟೆಯ ಚಿತ್ರವನ್ನು ಸಮಾಲೋಚಕಿ ತೋರಿಸಿದ್ದಳು. ಅರ್ಧ ತಟ್ಟೆ ತರಕಾರಿ, ಹಣ್ಣು. ಧಾನ್ಯದಿಂದ ಬರುವ ಶಕ್ತಿ ನೂರಕ್ಕೆ 45 ದಾಟಬಾರದು. ಕೋಷ್ಟಕ ನೋಡಿ ಅಡುಗೆ ಮಾಡುವುದು ನನ್ನಿಂದಾಗದು. ನಾನು ಕಂಡುಕೊಂಡ ದಾರಿ ಸುಲಭದ್ದು: ಮೂರು ಅಂತಸ್ತಿನಲ್ಲಿ ಕಪ್ಪಾಗುವುದು ಒಂದೇ ಅಂತಸ್ತು. ಎರಡನೆಯದರಲ್ಲಿ ಮೊಳಕೆ ಹೆಸರುಕಾಳಿನ ಉಸಲಿ ಅಥವಾ ಕಡಲೆಕಾಳು ಪಲ್ಯ (ಇವೂ ಅಯೋಡಿನ್ನಿಗೆ ತುಸು ಕಪ್ಪಾಗುತ್ತವೆ, ಆದರೆ ಪ್ರೋಟೀನು, ನಾರು ಕೂಡ ಇದೆಯೆಂದು ಮಾಫಿ ಕೊಟ್ಟಿದ್ದೇನೆ). ಮೂರನೆಯದರಲ್ಲಿ ಸೌತೆಕಾಯಿ, ಮೂಲಂಗಿ, ಮೆಂತ್ಯಸೊಪ್ಪಿನ ಪಚಡಿ. ಸಂಜೆಯ ಬಸ್ಸಿಗೆ ಒಂದು ಹಿಡಿ ಹುರಿದ ಕಡಲೆ. ಆ ಒಂದು ಹಿಡಿ ಕಡಲೆ ಮೆಣಸಿನಕಾಯಿ ಗಾಡಿಯನ್ನು ತಲೆ ತಗ್ಗಿಸದೆ ದಾಟುವ ಧೈರ್ಯ ಕೊಟ್ಟಿತು. ಹಸಿದು ಬಂದವಳಿಗೆ ಬಜ್ಜಿಯ ವಾಸನೆ ಮೂರು ಮನೆಯಾಚೆಯಿಂದಲೇ ಬರುತ್ತಿತ್ತು. ಈಗಲೂ ಬರುತ್ತದೆ, ಕರೆಯುವುದಿಲ್ಲ ಅಷ್ಟೇ.

ರಾತ್ರಿಯೂಟ ಎಂಟಕ್ಕೆ ಎಂದು ಪ್ರಕಟಿಸಿದಾಗ ಮನೆಯಲ್ಲಿ ಸಣ್ಣ ದಂಗೆ. ಒಂದು ಜೋಳದ ರೊಟ್ಟಿ, ಎರಡು ಸೌಟು ಪಲ್ಯ, ಮಜ್ಜಿಗೆ. ಅತ್ತೆಗೆ ನನ್ನ ತಟ್ಟೆ ನೋಡಿದರೆ ಸಂಕಟ. "ಅನ್ನ ಉಣ್ಣದಿದ್ದರೆ ಅದು ಊಟ ಹೇಗಾಗುತ್ತದೆಯಮ್ಮ? ಜನ ನಾನೇ ಸೊಸೆಗೆ ಅನ್ನ ಹಾಕುವುದಿಲ್ಲ ಅನ್ನುತ್ತಾರೆ." ಯಜಮಾನರು ಏನೂ ಹೇಳಲಿಲ್ಲ. ಒಂದು ವಾರದ ನಂತರ ತಾವೂ ಎಂಟಕ್ಕೆ ಬಂದು ಕೂತರು. ಅವರ ಸೊಂಟ ಅಳೆಯುವ ಧೈರ್ಯ ನನಗಿನ್ನೂ ಬಂದಿಲ್ಲ.

ನಡಿಗೆಗೆ ಬೆಳಿಗ್ಗೆ ಸಮಯವಿಲ್ಲ. ಐದಕ್ಕೆದ್ದು ಒಲೆ ಹಚ್ಚುವವಳಿಗೆ ಕುಂದವಾಡ ಕೆರೆಯ ಏರಿ ಭಾನುವಾರಕ್ಕೆ ಮಾತ್ರ. ಹಾಗಾಗಿ ಹಳ್ಳಿಯ ಕ್ರಾಸಿನಿಂದ ಶಾಲೆಯವರೆಗಿನ ಒಂದೂವರೆ ಕಿಲೋಮೀಟರನ್ನು ನಡೆಯಲು ತೊಡಗಿದೆ. ಇಷ್ಟು ವರ್ಷ ಸಹೋದ್ಯೋಗಿಯ ಸ್ಕೂಟರಿನಲ್ಲಿ ಹಿಂದೆ ಕೂರುತ್ತಿದ್ದೆ. ಹಳ್ಳಿಯ ದಾರಿಯಲ್ಲಿ ಟೀಚರ್ ನಡೆದು ಹೋಗುವುದೆಂದರೆ ಅದೊಂದು ಸುದ್ದಿ. ಬೈಕಿನವರೆಲ್ಲ ನಿಲ್ಲಿಸುತ್ತಾರೆ. "ಹತ್ತಿ ಮೇಡಂ, ಬಿಡುತ್ತೇನೆ." ಬೇಡವೆಂದರೆ ಬೇಸರ. ಹಾಲಿನ ಕ್ಯಾನಿನವರು ಒಬ್ಬರು, "ನನ್ನ ಗಾಡಿ ನಿಮಗೆ ಆಗುವುದಿಲ್ಲವೇ?" ಎಂದು ಎರಡು ವಾರ ಮಾತು ಬಿಟ್ಟಿದ್ದರು. ಕೊನೆಗೆ ಡಾಕ್ಟರ್ ಹೇಳಿದ್ದಾರೆ ಎಂದು ಊರಿಗೆಲ್ಲ ಸಾರಿದ ಮೇಲೆ ನೆಮ್ಮದಿ. ಈಗ ಮೆಕ್ಕೆಜೋಳದ ಹೊಲದ ನಡುವೆ ನಾಲ್ಕೈದು ಮಕ್ಕಳು ಜೊತೆಗೂಡುತ್ತಾರೆ. ಮಗ್ಗಿ ಹೇಳಿಸುತ್ತಾ ನಡೆದರೆ ಹದಿನೇಳರ ಮಗ್ಗಿಗೆ ಶಾಲೆ ಬರುತ್ತದೆ.

ಮೊಣಕಾಲಿಗೆ ಬಲ ಬರಲು ವ್ಯಾಯಾಮ ಹೇಳಿಕೊಟ್ಟರು. ಕುರ್ಚಿಯ ಮುಂದೆ ನಿಂತು, ಕೂರುವಷ್ಟು ಬಗ್ಗಿ, ಕೂರದೆ ಮೇಲೇಳುವುದು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಅಂದರೆ ಬಸ್ಕಿ. ಹೋಂವರ್ಕ್ ಮಾಡದ ಮಕ್ಕಳಿಗೆ ಒಂದು ಕಾಲದಲ್ಲಿ ನಾವು ಹೊಡೆಸುತ್ತಿದ್ದದ್ದು. 2009ರ ಶಿಕ್ಷಣ ಹಕ್ಕು ಕಾಯಿದೆ ಶಿಕ್ಷೆಯನ್ನು ನಿಷೇಧಿಸಿದ ಮೇಲೆ ಬಿಟ್ಟದ್ದು. ಬಾಕಿಯನ್ನು ನಾನೀಗ ತೀರಿಸುತ್ತಿದ್ದೇನೆ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ ಅರ್ಧ, ಮುಕ್ಕಾಲು ಕಿಲೋ ಇಳಿಯಿತು. ಬೀಳ್ಕೊಡುಗೆ ಊಟಗಳಲ್ಲಿ ಎಡವಿದೆ, ಅದನ್ನು ಬರೆದು ಉದ್ದ ಮಾಡುವುದಿಲ್ಲ. ಒಂದು ಚಿತ್ರ ಮಾತ್ರ ಮರೆಯಲಾರೆ. ನಿವೃತ್ತಿಯಾದ ಮುಖ್ಯ ಶಿಕ್ಷಕರೊಬ್ಬರ ಸನ್ಮಾನದಲ್ಲಿ ಹೋಳಿಗೆ ಊಟ ಮುಗಿಯುತ್ತಿದ್ದಂತೆ ಪಂಕ್ತಿಯುದ್ದಕ್ಕೂ ಪರಪರ ಸದ್ದು. ನೋಡಿದರೆ ಮೇಷ್ಟ್ರುಗಳು, ಟೀಚರುಗಳು ಜೇಬಿನಿಂದ, ವ್ಯಾನಿಟಿ ಬ್ಯಾಗಿನಿಂದ ಮಾತ್ರೆಯ ಹಾಳೆ ತೆಗೆದು ಒತ್ತುತ್ತಿದ್ದಾರೆ. ಸಕ್ಕರೆಗೆ, ಬಿಪಿಗೆ. ಎಲೆಯಲ್ಲಿ ಹೋಳಿಗೆ, ಅಂಗೈಯಲ್ಲಿ ಮಾತ್ರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು ಎಂದಿದೆ. ಆ ಪಂಕ್ತಿಯಲ್ಲಿ ಕೂತು ಎಣಿಸಿದ್ದರೆ ಲೆಕ್ಕ ಬೇರೆಯೇ ಬರುತ್ತಿತ್ತು.

ಆಮೇಲೆ ಬಂದದ್ದು ಮನೆಮನೆ ಸಮೀಕ್ಷೆ. 2025ರ ಸೆಪ್ಟೆಂಬರ್ 22ರಿಂದ, ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲಿ ನಮ್ಮನ್ನು ಕಳಿಸಿದರು. 60 ಪ್ರಶ್ನೆ, ಮೊಬೈಲ್ ಆ್ಯಪ್, ಬಾಗಿಲಿಗೆ ಅಂಟಿಸಿದ ಚೀಟಿಯ ಸಂಖ್ಯೆ ಹುಡುಕಿಕೊಂಡು ಬೀದಿ ಬೀದಿ ಅಲೆದಾಟ. ಒಳಗೊಳಗೇ ಖುಷಿಪಟ್ಟೆ. ದಿನಕ್ಕೆ 11,000 ಹೆಜ್ಜೆ! ಈ ಸಲ ಎರಡು ಕಿಲೋ ಗ್ಯಾರಂಟಿ ಎಂದುಕೊಂಡೆ.

ಆದರೆ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಊರು ಯಾವುದಿದೆ? ಅದೂ ಹಬ್ಬದ ದಿನಗಳು. ಆ್ಯಪ್ ತೆರೆದುಕೊಳ್ಳುವವರೆಗೆ ಟೀ. ಒಟಿಪಿ ಬರುವವರೆಗೆ ಉಂಡೆ. ಸಿಗ್ನಲ್ ಸಿಗಲೆಂದು ಮಾಳಿಗೆ ಹತ್ತಿದರೆ ಅಲ್ಲಿಗೇ ತಟ್ಟೆಯಲ್ಲಿ ಅವಲಕ್ಕಿ. ಒಬ್ಬ ಅಜ್ಜಿ ಅರವತ್ತೂ ಪ್ರಶ್ನೆಗೆ ಉತ್ತರಿಸಿ, ಕೊನೆಗೆ, "ನೀನು ಇಷ್ಟು ಕೇಳಿದೆ, ನಾನು ಒಂದು ಕೇಳುತ್ತೇನೆ. ಊಟ ಮಾಡಿದೆಯಾ?" ಎಂದರು. ಇಲ್ಲವೆನ್ನಬಾರದಿತ್ತು. ಒಂದೊಂದು ಮನೆಯಲ್ಲಿ ಅರ್ಧ ಲೋಟ ಟೀ ಎಂದರೂ ಹತ್ತು ಮನೆಗೆ ಐದು ಲೋಟವಾಯಿತು. ಸಮೀಕ್ಷೆ ಮುಗಿಸಿ ತಕ್ಕಡಿ ಹತ್ತಿದರೆ ಆರುನೂರು ಗ್ರಾಂ ಹೆಚ್ಚಾಗಿತ್ತು. ಸಮಾಲೋಚಕಿಗೆ ಹೇಳಿದಾಗ ಆಕೆ ಬೈಯಲಿಲ್ಲ. "ಹೆಜ್ಜೆ ಬಿಡಬೇಡಿ ಮೇಡಂ, ಸಕ್ಕರೆಯಿಲ್ಲದ ಟೀ ಕೊಡಿ ಎಂದು ಬಾಗಿಲಲ್ಲೇ ಹೇಳಿಬಿಡಿ" ಎಂದಳು. ಮುಂದಿನ ಗಣತಿಗೆ ಹಾಗೇ ಮಾಡಬೇಕೆಂದಿದ್ದೇನೆ.

2026ರ ಫೆಬ್ರುವರಿಗೆ ಒಂದು ವರ್ಷವಾಯಿತು. ತೂಕ 69.9. ಸೊಂಟ 98ರಿಂದ 91. ಎಚ್‌ಬಿಎ1ಸಿ 5.8. ಲೆಕ್ಕದ ಪ್ರಕಾರ ಹೊಸ್ತಿಲ ಮೇಲೇ ಇದ್ದೇನೆ, ಆದರೆ ಮುಖ ಈಗ ಹೊರಗಡೆಗಿದೆ. ಭಾರತೀಯ ಗೆರೆಯಲ್ಲಿ ನಾನಿನ್ನೂ ಬೊಜ್ಜಿನ ಪಟ್ಟಿಯಲ್ಲೇ ಇರುವವಳು. ಪುಡಿಯ ಟೀಚರ್ ಸಿಕ್ಕಿದ್ದರು, ಅವರ ಹನ್ನೊಂದು ಕಿಲೋದಲ್ಲಿ ಒಂಬತ್ತು ವಾಪಸು ಬಂದಿದೆಯಂತೆ. "ಒಂದು ವರ್ಷಕ್ಕೆ ಬರೀ ಐದೂವರೆಯೇ?" ಎಂದು ಕನಿಕರದಿಂದ ಕೇಳಿದರು. ಐದು ಕಿಲೋ ಏಳುನೂರು ಗ್ರಾಂ ಎಂದು ತಿದ್ದಿದೆ. ಗಣಿತದ ಟೀಚರ್ ಅಲ್ಲವೇ.

ಮೊನ್ನೆ ಮೇ ಕೊನೆಯ ವಾರ ದರ್ಜಿಯ ಅಂಗಡಿಗೆ ಹೋದೆ. ಸಾಲಿನಲ್ಲಿ ನಾಲ್ವರು ಟೀಚರುಗಳಿದ್ದರು. ನನ್ನ ಸರದಿ ಬಂದಾಗ ಅವರು ರವಿಕೆ ನೋಡದೆಯೇ, "ಬಿಚ್ಚಲು ಏನೂ ಇಲ್ಲ ಎಂದಿದ್ದೆನಲ್ಲ ಟೀಚರಮ್ಮ" ಎಂದರು. ಬಿಚ್ಚುವುದಲ್ಲ, ಒಳಗೆ ಹಿಡಿಯಬೇಕು ಎಂದೆ. ಟೇಪು ಹಿಡಿದು ಒಮ್ಮೆ ಅಳೆದರು, ನಂಬದೆ ಇನ್ನೊಮ್ಮೆ ಅಳೆದರು. ರಟ್ಟಿನ ಪುಸ್ತಕ ತೆಗೆದು 41ರ ಮೇಲೆ ಗೀಟು ಎಳೆದು ಪಕ್ಕದಲ್ಲಿ 39 ಎಂದು ಬರೆದರು. ಎರಡು ಬದಿಗೂ ಒಂದೊಂದು ಸಾಲು ಹೊಲಿಗೆ ಹಾಕಿದ ಮೇಲೆ ಒಳಗೆ ಉಳಿದ ಬಟ್ಟೆಯನ್ನು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕತ್ತರಿ ಎತ್ತಿಕೊಂಡರು.

"ಇದನ್ನು ತೆಗೆದುಬಿಡಲೇ?"

"ಬೇಡ," ಎಂದೆ. "ಇರಲಿ ಬಿಡಿ."